ರಾಯ್ ಫ್ರಾನ್ಸಿಸ್ ಹತ್ತದೇ ಹೋದ ಹಡಗು



ಇವತ್ತಿನ ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ. ಅರ್ಧಕ್ಕೇ ಲೈಕ್ ಒತ್ತಿ ಹೋಗೋರು ಹೋಗಬಹುದು, ಬೇಜಾರಿಲ್ಲ.

ಹೋದ ಸಲ ಪಾಲ್ವಂಕರ್ ಬಾಲೂ ಬಗ್ಗೆ ಬರೆದಿದ್ದೆ. ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಆ ಬೌಲರ್ ಬಗ್ಗೆ. ಪುಣೆಯಲ್ಲಿ ಪಿಚ್ ಗುಡಿಸೋ ಕೆಲಸದಿಂದ ಶುರು ಮಾಡಿ, 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ಆಲ್ ಇಂಡಿಯಾ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ, ಆ ಒಂದೇ ಪ್ರವಾಸದಲ್ಲಿ 114 ವಿಕೆಟ್ ತೆಗೆದವರು. ಪುಣೆಯಲ್ಲಿ ಅವರು ಹಿಡಿದ ಚೆಂಡನ್ನ ಎಲ್ಲರೂ ಮುಟ್ಟುತ್ತಿದ್ದರು, ಅವರಿಗೆ ಚಹಾ ಮಾತ್ರ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಬರ್ತಿತ್ತು. ಹಿಂದೂ ತಂಡದ ಕ್ಯಾಪ್ಟನ್‌ಗಿರಿ ಅವರಿಗೆ ಕೊನೆವರೆಗೂ ಸಿಗಲಿಲ್ಲ. 1923ರಲ್ಲಿ ತಮ್ಮ ವಿಠ್ಠಲ್‌ಗೆ ಸಿಕ್ತು, ಅದೂ ಜಗಳ ಆಡಿದ ಮೇಲೆ. ಮುಂದೆ 1937ರ ಚುನಾವಣೆಯಲ್ಲಿ ಇದೇ ಬಾಲೂ ಬಾಬಾಸಾಹೇಬರ ವಿರುದ್ಧ ಕಾಂಗ್ರೆಸ್‌ನಿಂದ ನಿಂತು ಸೋತರು. ಅದನ್ನೂ ಬರೆದಿದ್ದೆ, ಮುಚ್ಚಿಡೋಕೆ ಏನೂ ಇಲ್ಲ.

ಆ ಪೋಸ್ಟಿಗೆ ಒಬ್ಬ ಹುಡುಗ ಕೇಳಿದ: "ಅಣ್ಣಾ, ಬಾಲೂನ ಕೊನೆಗೆ ಕರ್ಕೊಂಡಾದ್ರೂ ಹೋದ್ರಲ್ಲ. ಆಟ ಬರುತ್ತೆ ಅಂತ ಗೊತ್ತಿದ್ದೂ ಕರ್ಕೊಂಡೇ ಹೋಗದೆ ಇದ್ದೋರ ಕಥೆ ಯಾರು ಬರೀತಾರೆ?"

ಒಳ್ಳೇ ಪ್ರಶ್ನೆ. ಹೋದವರ ಲೆಕ್ಕ ಸ್ಕೋರ್‌ಕಾರ್ಡಿನಲ್ಲಿ ಇರುತ್ತೆ. ಹೋಗದವರ ಲೆಕ್ಕ ಎಲ್ಲೂ ಇರಲ್ಲ. ಉತ್ತರ ಹುಡುಕ್ತಾ ನಾನು ಎಲ್ಲೋ ದೂರ ಹೋಗಿಬಿಟ್ಟೆ. ಕ್ರಿಕೆಟ್ ಬಿಟ್ಟು ರಗ್ಬಿಗೆ, ಅದರಲ್ಲೂ ನಮ್ಮ ಕಡೆ ಯಾರೂ ನೋಡದ ರಗ್ಬಿ ಲೀಗ್‌ಗೆ. 1946ರ ಒಂದು ಪ್ರವಾಸಕ್ಕೆ.

ಒಂದು ಮಾತು ಮೊದಲೇ ಹೇಳ್ತೀನಿ. ಈ ಪೋಸ್ಟಲ್ಲಿ ಎಲ್ಲರನ್ನೂ ಬಹುವಚನದಲ್ಲೇ ಬರೀತೀನಿ. ಆಟಗಾರರನ್ನ "ಅವನು ಓಡಿದ, ಇವನು ಹೊಡೆದ" ಅಂತ ಬರೆಯೋದು ಪತ್ರಿಕೆಗಳ ರೂಢಿ ಇರಬಹುದು. ಏಕವಚನ ನಾವು ಬೇಕಾದಷ್ಟು ಕೇಳಿದೀವಿ, ಸಾಕು.

*

ಮೊದಲು ಈ ಆಟ ಯಾಕೆ ಹುಟ್ತು ಅಂತ ತಿಳ್ಕೋಬೇಕು. ಯಾಕಂದ್ರೆ ಅದು ಹುಟ್ಟಿದ್ದೇ ಒಂದು ಅನ್ಯಾಯದ ವಿರುದ್ಧ.

ಇಂಗ್ಲೆಂಡಿನಲ್ಲಿ ರಗ್ಬಿ ಮೊದಲು ದೊಡ್ಡ ಮನೆತನದ ಮಕ್ಕಳು ಓದೋ ಶಾಲೆಗಳ ಆಟ. ಆಮೇಲೆ ಉತ್ತರದ ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆಗೆ ಹಬ್ಬಿತು. ಅಲ್ಲಿ ಆಡುತ್ತಿದ್ದವರು ಕಲ್ಲಿದ್ದಲ ಗಣಿಯವರು, ಹತ್ತಿ ಮತ್ತು ಉಣ್ಣೆ ಗಿರಣಿಯ ಕೂಲಿಗಳು, ಡಾಕ್‌ನಲ್ಲಿ ಮೂಟೆ ಹೊರೋರು. ಶನಿವಾರ ಮ್ಯಾಚ್. ಶನಿವಾರ ಮಧ್ಯಾಹ್ನದವರೆಗೂ ಕೆಲಸ. ಬೇರೆ ಊರಿಗೆ ಹೋಗಿ ಆಡಬೇಕು ಅಂದ್ರೆ ಅವತ್ತಿನ ಕೂಲಿ ಹೋಯ್ತು. ಬಿದ್ದು ಕೈಕಾಲು ಮುರ್ಕೊಂಡ್ರೆ ವಾರಗಟ್ಟಲೆ ಕೂಲಿ ಹೋಯ್ತು.

ಅವರು ಕೇಳಿದ್ದು ಸಂಬಳ ಅಲ್ಲ. ಆಟಕ್ಕೆ ಹೋಗಿ ಕಳ್ಕೊಂಡ ಕೂಲಿಯನ್ನ ತುಂಬಿಕೊಡಿ ಅಂತ, ಅಷ್ಟೇ. ಇದಕ್ಕೆ ಅವರ ಭಾಷೆಯಲ್ಲಿ "ಬ್ರೋಕನ್ ಟೈಮ್" ಅಂತಾರೆ. ಕೆಲಸದ ಹೊತ್ತು ಮುರಿದದ್ದಕ್ಕೆ ಪರಿಹಾರ. 1893ರಲ್ಲಿ ಲಂಡನ್ನಿನ ರಗ್ಬಿ ಯೂನಿಯನ್ ಸಭೆಯಲ್ಲಿ ಯಾರ್ಕ್‌ಶೈರ್‌ನವರು ಈ ಠರಾವು ಇಟ್ಟರು. 282 ಮತ ವಿರುದ್ಧ, 136 ಮತ ಪರ. ಬಿದ್ದುಹೋಯ್ತು. ಆಟ ಆಡೋದು ಪ್ರೀತಿಗೆ, ದುಡ್ಡಿಗಲ್ಲ ಅನ್ನೋದು ದೊಡ್ಡವರ ವಾದ. ಹೊಟ್ಟೆ ತುಂಬಿದವರಿಗೆ ಯಾವಾಗಲೂ ಪ್ರೀತಿ ಜಾಸ್ತಿ ಇರುತ್ತೆ.

1895ರ ಆಗಸ್ಟ್ 29ಕ್ಕೆ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ, ನಿಮ್ಮ ಸಹವಾಸ ಸಾಕು ಅಂತ ಹೊರಗೆ ಬಂದ್ವು. ತಮ್ಮದೇ ಸಂಘ ಕಟ್ಟಿಕೊಂಡ್ವು. 15 ಜನರ ಆಟ ಮುಂದೆ 13 ಜನರ ಆಟ ಆಯ್ತು. ಅದೇ ರಗ್ಬಿ ಲೀಗ್. ಚೆಂಡನ್ನ ಎದುರಾಳಿಯ ಗೆರೆಯಾಚೆ ತಗೊಂಡ್ಹೋಗಿ ನೆಲ ಮುಟ್ಟಿಸಿದ್ರೆ ಅದು "ಟ್ರೈ". ಇಷ್ಟು ಗೊತ್ತಿದ್ರೆ ಮುಂದಿನದು ಅರ್ಥ ಆಗುತ್ತೆ.

ಈ ಆಟದ ಮೇಲೆ ನನಗೆ ಪ್ರೀತಿ ಬಂದದ್ದು ಇಲ್ಲೇ. ಕೂಲಿಯವರು ಎದ್ದುಬಂದು ಕಟ್ಟಿದ ಆಟ. ಬಿಳಿ ಕೂಲಿಯವರ ಜೊತೆ ಕಪ್ಪು ಕೂಲಿಯವರಿಗೂ ಇಲ್ಲಿ ಜಾಗ ಸಿಕ್ತು ಅನ್ನೋದೂ ನಿಜವೇ. ಇನ್ನೊಂದು ರಗ್ಬಿಯಲ್ಲಿ ಬಾಗಿಲು ಮುಚ್ಚಿದ್ದಾಗ, ವೇಲ್ಸಿನ ಕಾರ್ಡಿಫ್, ನ್ಯೂಪೋರ್ಟ್ ಬಂದರಿನ ಕಪ್ಪು ಹುಡುಗರು ಉತ್ತರಕ್ಕೆ ರೈಲು ಹತ್ತಿ ಹೋಗಿ ಲೀಗ್ ಆಡಿದ್ರು. ಜಾರ್ಜ್ ಬೆನೆಟ್ ಅನ್ನೋರು 1935ರಲ್ಲೇ ವೇಲ್ಸ್ ಪರ ಲೀಗ್ ಆಡಿದ್ದಾರೆ.

ಆದ್ರೆ ಕಥೆ ಇಲ್ಲಿಗೇ ಮುಗಿದಿದ್ರೆ ನಾನು ಬರೀತಿರಲಿಲ್ಲ.

*

ರಾಯ್ ಫ್ರಾನ್ಸಿಸ್ ಹುಟ್ಟಿದ್ದು 1919ರಲ್ಲಿ, ಕಾರ್ಡಿಫ್‌ನಲ್ಲಿ. ಬೆಳೆದದ್ದು ಬ್ರಿನ್‌ಮಾರ್ ಅನ್ನೋ ಸಣ್ಣ ಊರಿನಲ್ಲಿ, ಸಾಕಿದ ಮನೆಯಲ್ಲಿ. 17ರ ವಯಸ್ಸಿಗೆ ವಿಗನ್ ಕ್ಲಬ್ಬು ಸೇರಿದ್ರು. ಅಂಚಿನಲ್ಲಿ ಓಡೋ ವಿಂಗರ್. ಸ್ವಲ್ಪ ದಿನಕ್ಕೆ ಆ ಕ್ಲಬ್ಬಿಗೆ ಆಸ್ಟ್ರೇಲಿಯಾದಿಂದ ಬಂದ ಹೊಸ ಮ್ಯಾನೇಜರ್ ಬಂದ್ರು. ಫ್ರಾನ್ಸಿಸ್‌ಗೆ ಅಲ್ಲಿ ಜಾಗ ಉಳೀಲಿಲ್ಲ. 1939ರಲ್ಲಿ ಬ್ಯಾರೋ ಕ್ಲಬ್ಬಿಗೆ ಕಳಿಸಿದ್ರು. ಆಮೇಲೆ ಎರಡನೇ ಮಹಾಯುದ್ಧ. ಫ್ರಾನ್ಸಿಸ್ ಬ್ರಿಟಿಷ್ ಸೇನೆಯಲ್ಲಿ ಸಾರ್ಜೆಂಟ್.

ಯುದ್ಧ ಮುಗೀತು. 1936ರ ನಂತರ ಬ್ರಿಟನ್ನಿನ ಲೀಗ್ ತಂಡ ಆಸ್ಟ್ರೇಲಿಯಾಕ್ಕೆ ಹೋಗಿರಲಿಲ್ಲ. 1940ರ ಪ್ರವಾಸ ಯುದ್ಧದಿಂದ ರದ್ದಾಗಿತ್ತು. ಈಗ ಅಲ್ಲಿಂದ ಕರೆ ಬಂತು. ಕರೆದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ವಿದೇಶಾಂಗ ಮಂತ್ರಿ ಹರ್ಬರ್ಟ್ ಇವಾಟ್. ರಗ್ಬಿ ಲೀಗ್ ಅಂದ್ರೆ ಪ್ರಾಣ ಅವರಿಗೆ. ಹಡಗುಗಳಿಗೇ ಬರ ಇದ್ದ ಕಾಲ, ಪ್ರಯಾಣಕ್ಕೆ ದಾರಿ ಮಾಡಿಸೋದರಲ್ಲೂ ಅವರ ಕೈ ಇತ್ತು. ಕೊನೆಗೆ ಸಿಕ್ಕಿದ್ದು ಒಂದು ಯುದ್ಧನೌಕೆ. ವಿಮಾನ ಹೊರೋ ಹಡಗು, ಹೆಸರು "ಇಂಡೊಮಿಟಬಲ್". ಅಂದ್ರೆ ಸೋಲೊಪ್ಪದ್ದು. 1946ರ ಏಪ್ರಿಲ್‌ನಲ್ಲಿ ಡೆವನ್‌ಪೋರ್ಟ್‌ನಿಂದ ಹೊರಟಿತು. ವಿಮಾನ ಇಳಿಯೋ ಆ ಅಗಲವಾದ ಡೆಕ್ಕಿನ ಮೇಲೇ ಆಟಗಾರರ ವ್ಯಾಯಾಮ, ಓಟ. ಏಪ್ರಿಲ್ ಕೊನೆಗೆ ಆಸ್ಟ್ರೇಲಿಯಾದ ಪಶ್ಚಿಮ ತುದಿ ಫ್ರೀಮ್ಯಾಂಟಲ್ ತಲುಪಿ, ಅಲ್ಲಿಂದ ಮರುಭೂಮಿ ದಾಟಿ ದಿನಗಟ್ಟಲೆ ರೈಲು. ಊಟಕ್ಕೂ ರೇಷನ್ ಇದ್ದ ದೇಶದಿಂದ ಬಂದ 26 ಆಟಗಾರರು. ಹಡಗಿನ ಹೆಸರೇ ತಂಡಕ್ಕೆ ಅಂಟಿಕೊಂಡಿತು: "ಇಂಡೊಮಿಟಬಲ್ಸ್".

ಆಟವೂ ಹಾಗೇ ಆಡಿದ್ರು. ಸಿಡ್ನಿಯ ಮೊದಲ ಟೆಸ್ಟ್‌ನಲ್ಲಿ ಒಬ್ಬರನ್ನ ರೆಫರಿ ಹೊರಗೆ ಕಳಿಸಿದ ಮೇಲೂ 8-8 ಡ್ರಾ. ಬ್ರಿಸ್ಬೇನ್‌ನಲ್ಲಿ 14-5 ಗೆಲುವು, ಆರ್ಥರ್ ಬ್ಯಾಸೆಟ್ ಅನ್ನೋ ವಿಂಗರ್ ಮೂರು ಟ್ರೈ ಹೊಡೆದ್ರು. ಮತ್ತೆ ಸಿಡ್ನಿಯಲ್ಲಿ 20-7. ಆಸ್ಟ್ರೇಲಿಯಾ ನೆಲದಲ್ಲಿ ಟೆಸ್ಟ್ ಸರಣಿಯನ್ನ ಒಂದೂ ಸೋಲದೆ ಮುಗಿಸಿದ ಬ್ರಿಟಿಷ್ ತಂಡ ಇದೊಂದೇ. ನ್ಯೂಜಿಲೆಂಡಿನ ಒಂದು ಟೆಸ್ಟ್ ಮಾತ್ರ ಸೋತರು. ಇವತ್ತಿಗೂ ಆ ಆಟದವರ ಪಾಲಿಗೆ ಇದು ಪುರಾಣ.

ಆ 26 ಜನರಲ್ಲಿ ರಾಯ್ ಫ್ರಾನ್ಸಿಸ್ ಇರಲಿಲ್ಲ.

ಅವರ ಬ್ಯಾರೋ ಕ್ಲಬ್ಬಿನ ವಿಲ್ಲಿ ಹಾರ್ನ್ ಹಡಗು ಹತ್ತಿದ್ರು. ಫ್ರಾನ್ಸಿಸ್ ಹತ್ತಲಿಲ್ಲ. ಆಟ ಬರಲ್ಲ ಅಂತಲ್ಲ. ಆ ಕಾಲದ ಒಳ್ಳೇ ವಿಂಗರ್‌ಗಳಲ್ಲಿ ಅವರೂ ಒಬ್ಬರು. ಆಸ್ಟ್ರೇಲಿಯಾದಲ್ಲಿ ಆಗ ಜಾರಿಯಿದ್ದ ವರ್ಣಬೇಲಿಗೆ ಹೆದರಿ, ಅಲ್ಲಿನವರಿಗೆ ಮುಜುಗರ ಆಗದಿರಲಿ ಅಂತ ಇಲ್ಲಿನವರೇ ಕೈಬಿಟ್ಟರು ಅಂತ ರಗ್ಬಿ ಲೀಗ್‌ನ ಚರಿತ್ರೆ ಬರೆದವರು ಹೇಳ್ತಾರೆ.

ಗಮನಿಸಿ. ಆಸ್ಟ್ರೇಲಿಯಾದ ಬಾಗಿಲಲ್ಲಿ ಅವರನ್ನ ಯಾರೂ ತಡೀಲಿಲ್ಲ. ಬಾಗಿಲ ತನಕ ಹೋಗೋಕೇ ಬಿಡಲಿಲ್ಲ. ತಡೆದವರು ಮನೆಯವರೇ.

*

ಆ ವರ್ಣಬೇಲಿಯ ಕಾನೂನನ್ನೂ ನೋಡಿ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾಗಿ ಒಂದಾದ ವರ್ಷವೇ ಮಾಡಿದ ವಲಸೆ ಕಾಯ್ದೆ. "ಬಿಳಿ ಆಸ್ಟ್ರೇಲಿಯಾ ನೀತಿ" ಅಂತ ಜಗತ್ತೇ ಕರೆದದ್ದು ಇದನ್ನ. ಆದ್ರೆ ಆ ಕಾಯ್ದೆಯನ್ನ ತೆಗೆದು ಓದಿದ್ರೆ, ಕಪ್ಪು ಜನ ಬರಬಾರದು ಅಂತ ಎಲ್ಲೂ ಬರೆದಿಲ್ಲ! ಬರೆದಿರೋದು ಒಂದು ಡಿಕ್ಟೇಷನ್ ಪರೀಕ್ಷೆ. ಬಂದರಿನ ಅಧಿಕಾರಿ 50 ಪದಗಳ ಒಂದು ಪ್ಯಾರಾ ಓದ್ತಾನೆ, ಬಂದವನು ಅದನ್ನ ಬರೀಬೇಕು. ಯಾವ ಭಾಷೆ? ಯುರೋಪಿನ ಯಾವುದಾದರೂ ಭಾಷೆ, ಆರಿಸೋದು ಅಧಿಕಾರಿ. ನಿಮಗೆ ಇಂಗ್ಲಿಷ್ ಬರುತ್ತೆ ಅಂತ ಗೊತ್ತಾದ್ರೆ ಬೇರೆ ಭಾಷೆಯಲ್ಲಿ ಓದ್ತಾನೆ. ಬೇಡದವರು ಫೇಲ್ ಆಗೋ ತನಕ ಪರೀಕ್ಷೆ. ಈ ಉಪಾಯವನ್ನ ಅವರು ಕಲಿತದ್ದು ಎಲ್ಲಿಂದ ಗೊತ್ತಾ? ದಕ್ಷಿಣ ಆಫ್ರಿಕಾದ ನಟಾಲ್‌ನಿಂದ. ಅಲ್ಲಿ ಇದನ್ನ ಮಾಡಿದ್ದೇ ನಮ್ಮ ಭಾರತೀಯರು ಒಳಗೆ ಬರದಂತೆ ತಡೆಯೋಕೆ.

1934ರಲ್ಲಿ ಎಗಾನ್ ಕಿಶ್ ಅನ್ನೋ ಪ್ರಾಗ್ ಊರಿನ ಕಮ್ಯುನಿಸ್ಟ್ ಪತ್ರಕರ್ತರು ಬಂದ್ರು. ಬಣ್ಣದಲ್ಲಿ ಬಿಳಿಯರೇ, ಆದ್ರೆ ಸರ್ಕಾರಕ್ಕೆ ಬೇಡವಾದವರು. ಅವರಿಗೆ ಹಲವು ಭಾಷೆ ಬರ್ತಿದ್ವು. ಹಾಗಾಗಿ ಸ್ಕಾಟ್‌ಲೆಂಡಿನ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟು ಫೇಲ್ ಮಾಡಿದ್ರು. ಕೇಸು ಹೈಕೋರ್ಟಿಗೆ ಹೋಯ್ತು. ಇದು ಕಾನೂನಿನ ಅರ್ಥದಲ್ಲಿ ಯುರೋಪಿನ ಭಾಷೆಯೇ ಅಲ್ಲ ಅಂತ ಕೋರ್ಟು ಕಿಶ್ ಪರ ತೀರ್ಪು ಕೊಡ್ತು. ಹಾಗೆ ಹೇಳಿದ ನ್ಯಾಯಾಧೀಶರಲ್ಲಿ ಒಬ್ಬರು ಯಾರು? ಮುಂದೆ 1946ರ ತಂಡವನ್ನ ಕರೆಸಿದ ಅದೇ ಹರ್ಬರ್ಟ್ ಇವಾಟ್!

ನೋಡಿ, ಇವಾಟ್ ಕೆಟ್ಟವರಲ್ಲ. ಲೇಬರ್ ಪಕ್ಷದವರು, ನಾಗರಿಕ ಹಕ್ಕುಗಳ ಪರ ನಿಂತವರು. 1948ರ ಡಿಸೆಂಬರ್ 10ಕ್ಕೆ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನ ಒಪ್ಪಿಕೊಂಡಾಗ ಮಹಾಸಭೆಯ ಅಧ್ಯಕ್ಷ ಪೀಠದಲ್ಲಿ ಕೂತಿದ್ದೂ ಇವರೇ. ನಮ್ಮ ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದು ಮಾಡೋ ವಿಧಿಯನ್ನ ಒಪ್ಪಿದ್ದು ಅದೇ ವರ್ಷದ ನವೆಂಬರ್ 29ಕ್ಕೆ. ಹನ್ನೊಂದು ದಿನದ ಅಂತರ. ಆದ್ರೆ ಇದೇ ಇವಾಟ್ 1945ರಲ್ಲಿ ವಿಶ್ವಸಂಸ್ಥೆ ಕಟ್ಟುವಾಗ, ಒಂದೊಂದು ದೇಶದ ಒಳ ವಿಚಾರಕ್ಕೆ ವಿಶ್ವಸಂಸ್ಥೆ ಕೈ ಹಾಕಬಾರದು ಅನ್ನೋ ಕಲಮು ಗಟ್ಟಿ ಆಗಲಿ ಅಂತ ಹೋರಾಡಿದವರು. ಬಿಳಿ ಆಸ್ಟ್ರೇಲಿಯಾ ನೀತಿಗೆ ಧಕ್ಕೆ ಬರದಿರಲಿ ಅನ್ನೋದು ಅದರ ಹಿಂದಿನ ಒಂದು ಕಾರಣ.

"ಅದು ನಮ್ಮ ಒಳ ವಿಚಾರ." ಈ ಮಾತು ನಮಗೆ ಹೊಸದಲ್ಲ. 2001ರಲ್ಲಿ ಡರ್ಬನ್‌ನಲ್ಲಿ ಜನಾಂಗಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆದಾಗ, ಜಾತಿಯ ಪ್ರಶ್ನೆ ಅಲ್ಲಿ ಬರಬಾರದು ಅಂತ ನಮ್ಮ ಸರ್ಕಾರ ಹೇಳಿದ್ದೂ ಇದೇ ಧಾಟಿಯಲ್ಲೇ.

*

ಈ ಕಥೆಗೆ ಇನ್ನೊಂದು ಮಗ್ಗುಲಿದೆ.

1946ರ ತಂಡದ ಕ್ಯಾಪ್ಟನ್ ಗಸ್ ರಿಸ್ಮನ್. ಅವರೂ ಕಾರ್ಡಿಫ್‌ನಲ್ಲೇ ಹುಟ್ಟಿದವರು. ತಂದೆ ತಾಯಿ ಲಾಟ್ವಿಯಾದಿಂದ ವಲಸೆ ಬಂದವರು. ಒಂದೇ ಬಂದರಿನ ಊರು, ಎರಡೂ ಹೊರಗಿನ ಮೂಲದ ಕುಟುಂಬ. ಒಬ್ಬರು ಕ್ಯಾಪ್ಟನ್ ಆಗಿ ಹಡಗು ಹತ್ತಿದ್ರು, ಇನ್ನೊಬ್ಬರು ದಡದಲ್ಲೇ ಉಳಿದ್ರು. ನಡುವೆ ಇದ್ದ ವ್ಯತ್ಯಾಸ ಚರ್ಮದ್ದು.

ರಿಸ್ಮನ್ 1932, 1936ರ ಪ್ರವಾಸದಲ್ಲೂ ಇದ್ದರು. ಆಗ ಕ್ವೀನ್ಸ್‌ಲ್ಯಾಂಡಿನಲ್ಲಿ ಬ್ರಿಟಿಷ್ ತಂಡದ ವಿರುದ್ಧ ಫ್ರಾಂಕ್ ಫಿಶರ್ ಅನ್ನೋ ಮೂಲನಿವಾಸಿ ಆಟಗಾರರು ಆಡಿದ್ರು. ಸರ್ಕಾರ ಮೂಲನಿವಾಸಿಗಳನ್ನ ಕೂಡಿಹಾಕಿದ್ದ ಷೆರ್ಬರ್ಗ್ ವಸತಿಯವರು. ಅಲ್ಲಿನವರು ಬೇರೆ ಊರಿಗೆ ಹೋಗಬೇಕಾದ್ರೂ, ಮದುವೆ ಆಗಬೇಕಾದ್ರೂ "ರಕ್ಷಕ" ಅನ್ನೋ ಅಧಿಕಾರಿಯ ಅನುಮತಿ ಬೇಕು. ಹೆಸರು ನೋಡಿ, ರಕ್ಷಕ! ಫಿಶರ್ ಆಟ ನೋಡಿ ರಿಸ್ಮನ್ ಬೆರಗಾದ್ರು, ಇಂಗ್ಲೆಂಡಿನಲ್ಲಿ ಆಡೋಕೆ ಕರೆಯೂ ಬಂತು, ಅಧಿಕಾರಿಗಳು ಹೋಗೋಕೆ ಬಿಡಲಿಲ್ಲ ಅಂತ ಅಲ್ಲಿನವರು ದಾಖಲಿಸಿದ್ದಾರೆ.

ಹಾಗಾದ್ರೆ ಲೆಕ್ಕ ಹಾಕಿ. ಕಪ್ಪು ಬ್ರಿಟಿಷ್ ಆಟಗಾರ ಆಸ್ಟ್ರೇಲಿಯಾಕ್ಕೆ ಹೋಗೋ ಹಾಗಿಲ್ಲ. ಕಪ್ಪು ಆಸ್ಟ್ರೇಲಿಯನ್ ಆಟಗಾರ ಬ್ರಿಟನ್ನಿಗೆ ಬರೋ ಹಾಗಿಲ್ಲ. ಸಮುದ್ರ ಒಂದೇ, ಅದರ ಎರಡೂ ದಡದಲ್ಲಿ ಒಂದೊಂದು ಬೇಲಿ.

ಫಿಶರ್ ಅವರ ಮೊಮ್ಮಗಳ ಹೆಸರು ನಿಮಗೆ ಗೊತ್ತಿರುತ್ತೆ. ಕ್ಯಾಥಿ ಫ್ರೀಮನ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಹೊತ್ತಿಸಿ, 400 ಮೀಟರ್ ಚಿನ್ನ ಗೆದ್ದವರು. ಅಜ್ಜನನ್ನ ಊರು ಬಿಟ್ಟು ಹೋಗೋಕೆ ಬಿಡದ ದೇಶ, ಮೊಮ್ಮಗಳು ಓಡುವಾಗ ಎದ್ದು ನಿಂತು ಚಪ್ಪಾಳೆ ಹೊಡೀತು.

*

ಇಲ್ಲಿ ಒಬ್ಬರು ಬಂದೇ ಬರ್ತಾರೆ. ನಮ್ಮ ಕಾಮೆಂಟ್ ಬಾಕ್ಸಿಗೂ ಬರ್ತಾರೆ. "ಅಲ್ಲ ಸಾರ್, ಫ್ರಾನ್ಸಿಸ್ ಇಲ್ಲದೇನೂ ತಂಡ ಗೆದ್ದಿತಲ್ಲ? ಬ್ಯಾಸೆಟ್ ಮೂರು ಟ್ರೈ ಹೊಡೆದ್ರಲ್ಲ? ಮತ್ತೆ ನಷ್ಟ ಏನಾಯ್ತು?"

ಮೆರಿಟ್ ವಾದ ಇದು. ಬ್ಯಾಸೆಟ್ ಒಳ್ಳೇ ಆಟಗಾರರೇ, ಅವರ ಮೇಲೆ ನನಗೇನೂ ದೂರಿಲ್ಲ. ಆದ್ರೆ ಗೆದ್ದದ್ದರಿಂದ ಕೈಬಿಟ್ಟದ್ದು ಸರಿ ಆಗಲ್ಲ. ಗೆದ್ದರೆ "ಅವನಿಲ್ಲದೇನೂ ಗೆದ್ವಿ" ಅಂತಾರೆ. ಸೋತಿದ್ರೆ "ಅವನಿದ್ರೂ ಸೋಲ್ತಿದ್ವಿ" ಅಂತಿದ್ರು. ಹೊರಗಿಟ್ಟವರಿಗೆ ತಮ್ಮ ಯೋಗ್ಯತೆ ತೋರಿಸೋಕೆ ಇರೋದು ಒಂದೇ ಜಾಗ, ಮೈದಾನ. ಆ ಜಾಗಕ್ಕೇ ಬಿಡದೆ, ಯೋಗ್ಯತೆ ತೋರಿಸಿಲ್ಲ ಅಂದ್ರೆ ಹೆಂಗೆ? ಮೀಸಲು ಹುದ್ದೆಗೆ "ಅರ್ಹರು ದೊರೆತಿಲ್ಲ" ಅಂತ ಷರಾ ಬರೆದು ಖಾಲಿ ಬಿಡ್ತಾರಲ್ಲ, ಆ ಷರಾದ ಅಣ್ಣತಮ್ಮಂದಿರು ಇದು.

ಫ್ರಾನ್ಸಿಸ್‌ಗೆ ಬ್ರಿಟನ್ ತಂಡದಲ್ಲಿ ಆಡೋ ಅವಕಾಶ ಸಿಕ್ಕಿದ್ದು 1947ರ ಡಿಸೆಂಬರ್‌ನಲ್ಲಿ, ನ್ಯೂಜಿಲೆಂಡ್ ವಿರುದ್ಧ. ಬ್ರಾಡ್‌ಫರ್ಡ್‌ನಲ್ಲಿ, ಅಂದ್ರೆ ಮನೆಯಂಗಳದಲ್ಲಿ. ಬ್ರಿಟನ್ ಪರ ಆಡಿದ ಮೊದಲ ಕಪ್ಪು ಲೀಗ್ ಆಟಗಾರರು ಅವರೇ. ಎರಡು ಟ್ರೈ ಹೊಡೆದ್ರು. ಮತ್ತೆ ಯಾವತ್ತೂ ಕರೀಲಿಲ್ಲ. ಒಂದು ಟೆಸ್ಟ್, ಎರಡು ಟ್ರೈ, ಮುಗೀತು. ಕ್ಲಬ್ ಆಟದಲ್ಲಿ ಇನ್ನೂರಕ್ಕೂ ಹೆಚ್ಚು ಟ್ರೈ ಹೊಡೆದವರ ದೇಶದ ಲೆಕ್ಕ ಇಷ್ಟೇ.

ಆದ್ರೆ ಅವರು ಕೂತು ಅಳಲಿಲ್ಲ. ಹಲ್ ಕ್ಲಬ್ಬಿನಲ್ಲಿ ಆಡ್ತಾ ಆಡ್ತಾ ಕೋಚ್ ಆದ್ರು. ಬ್ರಿಟನ್ನಿನ ವೃತ್ತಿಪರ ಕ್ರೀಡೆಯಲ್ಲಿ ಮೊದಲ ಕಪ್ಪು ಕೋಚ್ ಅಂತ ಅವರನ್ನ ಗುರುತಿಸ್ತಾರೆ. ಮ್ಯಾಚುಗಳನ್ನ ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು ಆಟಗಾರರಿಗೆ ತೋರಿಸೋದು, ಓಟಗಾರರ ಹಾಗೆ ಒಬ್ಬೊಬ್ಬರಿಗೂ ಬೇರೆ ಬೇರೆ ತರಬೇತಿ, ಆಟಗಾರರ ಮನೆಯವರನ್ನೂ ಮ್ಯಾಚಿಗೆ ಕರೆತರೋದು, ಇವೆಲ್ಲ ಬೇರೆಯವರು ಯೋಚಿಸೋ ಮುಂಚೆ ಅವರು ಮಾಡಿದ್ದು. 1956, 1958ರಲ್ಲಿ ಹಲ್ ಚಾಂಪಿಯನ್. 1968ರಲ್ಲಿ ಅವರ ಲೀಡ್ಸ್ ತಂಡ ಮಳೆ ನೀರು ತುಂಬಿದ ವೆಂಬ್ಲಿ ಮೈದಾನದಲ್ಲಿ 11-10ರಿಂದ ಚಾಲೆಂಜ್ ಕಪ್ ಗೆದ್ದಿತು.

ಆಮೇಲೆ ಏನಾಯ್ತು ಗೊತ್ತಾ? 1969ರಲ್ಲಿ ಆಸ್ಟ್ರೇಲಿಯಾದ ನಾರ್ತ್ ಸಿಡ್ನಿ ಕ್ಲಬ್ಬು ಅವರನ್ನ ಕೋಚ್ ಆಗಿ ಕರೀತು. 1946ರಲ್ಲಿ ತಪ್ಪಿದ ಸಮುದ್ರವನ್ನ 23 ವರ್ಷದ ಮೇಲೆ, 50ರ ವಯಸ್ಸಿನಲ್ಲಿ ದಾಟಿದ್ರು. ಅಲ್ಲೂ ಕಹಿ ಉಂಡ್ರು. ಎರಡು ಸೀಸನ್ ಆದ ಮೇಲೆ ವಾಪಸ್. 1989ರಲ್ಲಿ ತೀರಿಕೊಂಡ್ರು. ಅವರು ಬೆಳೆದ ಬ್ರಿನ್‌ಮಾರ್‌ನಲ್ಲಿ ಅವರ ಪ್ರತಿಮೆ ನಿಂತಿದ್ದು 2023ರಲ್ಲಿ.

*

ಬೇಲಿ ಮುರಿದವರು ಬಿಲ್ಲಿ ಬಾಸ್ಟನ್. ಕಾರ್ಡಿಫ್‌ನ ಟೈಗರ್ ಬೇ ಬಂದರು ಕೇರಿಯವರು. ತಂದೆ ಸಿಯೆರಾ ಲಿಯೋನ್‌ನಿಂದ ಬಂದ ಹಡಗಿನ ಕೆಲಸಗಾರ. ಸ್ವಂತ ಊರಿನ ಕಾರ್ಡಿಫ್ ಕ್ಲಬ್ಬಿನಲ್ಲಿ ಆಡೋದು ಅವರ ಕನಸು. ಆ ಕ್ಲಬ್ಬು ಕರೀಲೇ ಇಲ್ಲ. ವಿಗನ್ ಕರೀತು. ಅಲ್ಲಿ ಆರೇ ಆರು ಮ್ಯಾಚ್ ಆಡಿದ್ದ 19ರ ಹುಡುಗನನ್ನ 1954ರ ಪ್ರವಾಸಕ್ಕೆ ಆರಿಸಿದ್ರು. ಆ ಪ್ರವಾಸ ಹತ್ತಿದ ಮೊದಲ ಕಪ್ಪು ಆಟಗಾರ. 18 ಮ್ಯಾಚಿನಲ್ಲಿ 36 ಟ್ರೈ! ಅಲ್ಲಿಯವರೆಗೂ ಯಾರೂ ಅಷ್ಟು ಹೊಡೆದಿರಲಿಲ್ಲ.

ಈಗ ಹೇಳಿ, 1946ರಲ್ಲಿ ನಷ್ಟ ಏನಾಯ್ತು ಅಂತ.

ಬೇಲಿ ಒಮ್ಮೆ ಮುರಿದ್ರೆ ಮುಗೀತು ಅಂದ್ಕೋಬೇಡಿ. 1957ರಲ್ಲಿ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ. ಬಾಸ್ಟನ್ ತಂಡದಲ್ಲಿದ್ದರು. ವಾಪಸ್ ಬರೋ ದಾರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಫ್ರಾನ್ಸ್ ಜೊತೆ ಪ್ರದರ್ಶನ ಪಂದ್ಯಗಳು ಇಟ್ಕೊಂಡಿದ್ರು. ಅಲ್ಲಿ ಅಪಾರ್ಥೀಡ್. ಕಪ್ಪು ಬಿಳಿ ಒಂದೇ ಮೈದಾನದಲ್ಲಿ ಆಡೋ ಹಾಗಿಲ್ಲ. ಏನ್ಮಾಡಿದ್ರು? ಪಂದ್ಯ ರದ್ದು ಮಾಡಿದ್ರಾ? ಇಲ್ಲ. ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಯ್ತು, ಬಾಸ್ಟನ್ ಬೇರೆ ದಾರಿಯಲ್ಲಿ ಮನೆಗೆ ಬಂದ್ರು.

1895ರಲ್ಲಿ ಕೂಲಿಯ ಅನ್ಯಾಯಕ್ಕೆ ಎದ್ದು ಹೊರಗೆ ಬಂದ ಸಂಘ ಇದು. ದುಡ್ಡಿದ್ದೋರ ಎದುರು ಎದೆ ಕೊಟ್ಟವರು. ತಮ್ಮವರೇ ಒಬ್ಬರನ್ನ ಬಿಟ್ಟು ಬರಬೇಕಾದಾಗ ಮಾತ್ರ ಮಾತು ನಿಂತುಹೋಯ್ತು. ಒಂದು ಅನ್ಯಾಯದ ನೋವು ಉಂಡವರಿಗೆ ಇನ್ನೊಂದು ಅನ್ಯಾಯ ತಾನಾಗೇ ಕಾಣುತ್ತೆ ಅಂತ ನಾವು ನಂಬ್ತೀವಿ. ಕಾಣಲ್ಲ. ತೋರಿಸಬೇಕಾಗುತ್ತೆ, ಜಗಳ ಆಡಿ ತೋರಿಸಬೇಕಾಗುತ್ತೆ.

ಅದೇ ಕಾರ್ಡಿಫ್‌ನ ಕ್ಲೈವ್ ಸಲ್ಲಿವನ್ 1972ರಲ್ಲಿ ಬ್ರಿಟನ್ ತಂಡದ ಕ್ಯಾಪ್ಟನ್ ಆಗಿ ವಿಶ್ವಕಪ್ ತಂದ್ರು. ಬ್ರಿಟನ್ನಿನ ಯಾವುದೇ ಆಟದ ರಾಷ್ಟ್ರೀಯ ತಂಡಕ್ಕೆ ಮೊದಲ ಕಪ್ಪು ಕ್ಯಾಪ್ಟನ್. ಬಾಸ್ಟನ್ ಅವರಿಗೆ "ಸರ್" ಪದವಿ ಬಂದದ್ದು 2025ರಲ್ಲಿ. ಆಗ ಅವರ ವಯಸ್ಸು 90. ಗೌರವ ಬರುತ್ತೆ ಗೆಳೆಯರೇ. ತಡವಾಗಿ, ಪ್ರತಿಮೆ ಆಗಿ ಬರುತ್ತೆ.

*

ಇಷ್ಟೆಲ್ಲ ನಾನು ಯಾಕೆ ಬರೆದೆ ಅಂದ್ರೆ, ಒಂದು ಲಿಸ್ಟು ನಾನೂ ಟೈಪ್ ಮಾಡಿದೀನಿ.

ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಕಚೇರಿ ಯಾವುದು ಅಂತ ಹೇಳಲ್ಲ. ನೌಕರರ ಕ್ರೀಡಾಕೂಟಕ್ಕೆ ಕಬಡ್ಡಿ ಟೀಮು ಹೋಗಬೇಕು. ನಾಲ್ಕು ದಿನ ಬೇರೆ ಊರು, ಓಓಡಿ ಮೇಲೆ. ಅಲ್ಲೇ ವಾಸ, ಅಲ್ಲೇ ಅಡುಗೆ. ನಮ್ಮಲ್ಲಿ ಡಿ ಗ್ರೂಪ್‌ನಲ್ಲಿ ಒಬ್ಬ ಅಣ್ಣ ಇದ್ದರು, ನಮ್ಮ ಕೇರಿಯವರೇ. ರೈಡಿಗೆ ಹೋದ್ರೆ ಎರಡು ಮೂರು ಜನಾನ ಮುಟ್ಟಿ ಬರೋರು. ಅವರ ಆಟ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಕೈಬರಹದ ಪಟ್ಟಿ ನನ್ನ ಟೇಬಲ್ಲಿಗೆ ಬಂತು, ನುಡಿಯಲ್ಲಿ ಟೈಪ್ ಮಾಡೋಕೆ. ಅದರಲ್ಲಿ ಆ ಅಣ್ಣನ ಹೆಸರು ಇಲ್ಲ. ಕೇಳಿದೆ. ಪಟ್ಟಿ ತಂದವರು ಬಹಳ ಮೃದುವಾಗಿ ಹೇಳಿದ್ರು, "ನಾಲ್ಕು ದಿನ ಎಲ್ಲ ಒಟ್ಟಿಗೆ ಇರಬೇಕಲ್ಲ, ಟೀಮಲ್ಲಿ ಹೊಂದಾಣಿಕೆ ಮುಖ್ಯ ನೋಡಿ." ಜಾತಿ ಅಂತ ಒಂದು ಅಕ್ಷರ ಬಾಯಿಂದ ಬರಲಿಲ್ಲ. ಅವರು ನಾವೆಲ್ಲ ಡಿಎ ಹೋರಾಟಕ್ಕೆ ಒಟ್ಟಿಗೆ ಧಿಕ್ಕಾರ ಕೂಗಿದ್ದ ಸಂಘದವರು.

ನಾನು ಆಗ ಪ್ರೊಬೇಷನ್‌ನಲ್ಲಿದ್ದೆ. ಟೈಪ್ ಮಾಡಿದೆ. ಪ್ರಿಂಟ್ ತೆಗೆದೆ. "ಮೇಲ್ಕಂಡ ನೌಕರರನ್ನು ಆಯ್ಕೆ ಮಾಡಲಾಗಿದೆ" ಅಂತ ಟಿಪ್ಪಣಿಯನ್ನೂ ನಾನೇ ಬರೆದೆ. ಆ ಕಡತ ಇವತ್ತು ತೆಗೆದು ನೋಡಿದ್ರೆ ಎಲ್ಲ ಸರಿಯಾಗಿದೆ. ಯಾರ ಹೆಸರನ್ನೂ ಹೊಡೆದು ಹಾಕಿಲ್ಲ, ಯಾರನ್ನೂ ತಿರಸ್ಕರಿಸಿಲ್ಲ. ಇಲ್ಲದ ಹೆಸರಿಗೆ ಕಾರಣ ಬರೆಯೋ ಕಾಲಂ ಯಾವ ನಮೂನೆಯಲ್ಲೂ ಇಲ್ಲ. ಬಿಳಿ ಆಸ್ಟ್ರೇಲಿಯಾ ಕಾಯ್ದೆಯಲ್ಲಿ ಬಣ್ಣದ ಮಾತು ಇರಲಿಲ್ಲವಲ್ಲ, ಹಾಗೆ.

ಫ್ರಾನ್ಸಿಸ್ ಬಗ್ಗೆ ಓದಿದ ಮೇಲೆ ತಡೆಯೋಕಾಗಲಿಲ್ಲ. ಹೋದ ಭಾನುವಾರ ಆ ಅಣ್ಣನ ಮನೆಗೆ ಹೋದೆ. ಈಗ ರಿಟೈರ್ ಆಗಿದ್ದಾರೆ, ಮಂಡಿ ನೋವು. ಕಚೇರಿಯಲ್ಲಿ ನನ್ನನ್ನ ಸಾರ್ ಅಂತಿದ್ದವರು, ಮನೆಯಲ್ಲಿ ಅಪ್ಪ ಅಂತಲೇ ಕರೆಯೋದು. ಲಿಸ್ಟು ಟೈಪ್ ಮಾಡಿದ್ದು ನಾನೇ ಅಂತ ಹೇಳಿದೆ.

"ಗೊತ್ತಿತ್ತು ಕಣಪ್ಪ" ಅಂದ್ರು. "ಲಿಸ್ಟು ಬರೋ ಮುಂಚೇನೆ ಗೊತ್ತಿತ್ತು. ನೀನು ಟೈಪ್ ಮಾಡ್ದೆ ಇದ್ರೆ ಇನ್ನೊಬ್ಬ ಮಾಡೋನು. ಆದ್ರೆ ಅವತ್ತು ಸಾಯಂಕಾಲ ನೀನು ನನ್ ಮುಖ ನೋಡ್ದೆ ಹೋದಲ್ಲ, ಅದು ಬೇಜಾರಾಗಿತ್ತು."

ಆಮೇಲೆ ಟೀ ಕೊಟ್ರು. ಕುಡಿದೆ. ಅಷ್ಟೇ.

*

ಕೊನೆಯ ಮಾತು, ನಮ್ಮ ಒಳಗಿನದು.

ನಮ್ಮ ತಾಲ್ಲೂಕಿಂದ ಈ ಸಲವೂ ನಾಗ್ಪುರದ ದೀಕ್ಷಾಭೂಮಿಗೆ ಬಸ್ಸು ಹೊರಡುತ್ತೆ. ಬರೋ ಭಾನುವಾರ ಪಟ್ಟಿ ಮಾಡ್ತೀವಿ. ಎಂದಿನ ಹಾಗೆ ಟೈಪ್ ಮಾಡೋದು ನಾನೇ. ಹಳೇ ಪಟ್ಟಿಗಳನ್ನ ತೆಗೆದು ನೋಡಿದೆ. ಹೆಣ್ಣುಮಕ್ಕಳು ಬೆರಳೆಣಿಕೆ. ಪೌರಕಾರ್ಮಿಕರ ಕಾಲೋನಿಯಿಂದ ಒಬ್ಬರೂ ಇಲ್ಲ. ಯಾಕೆ ಅಂತ ಕಮಿಟಿಯಲ್ಲಿ ಕೇಳಿದ್ರೆ, "ಅವರಿಗೆ ರಜಾ ಸಿಗಲ್ಲ, ದಿನಗೂಲಿ ಹೋಗುತ್ತೆ, ಅವರೇ ಬರಲ್ಲ ಅಂತಾರೆ" ಅಂದ್ರು.

ಅವರೇ ಬರಲ್ಲ. 1893ರಲ್ಲಿ ಲಂಡನ್ನಿನ ದೊಡ್ಡವರೂ ಗಣಿ ಕೂಲಿಗಳಿಗೆ ಹೆಚ್ಚು ಕಮ್ಮಿ ಇದನ್ನೇ ಹೇಳಿದ್ದು.

ಹಾಗಾಗಿ ಈ ಸಲ ನನ್ನದೊಂದು ಠರಾವು ಇದೆ. ಬಸ್ ಚಾರ್ಜಿನ ಜೊತೆಗೆ, ಬರೋ ದಿನಗೂಲಿಯವರ ಕಳೆದುಹೋದ ಕೂಲಿಯನ್ನೂ ನಾವೇ ತುಂಬಿಕೊಡೋಣ. ಸಂಬಳ ಬರೋ ನಾವೆಲ್ಲ ಒಂದೊಂದು ದಿನದ ಸಂಬಳ ಹಾಕೋಣ. ಮೊದಲನೇದು ನನ್ನದು. ಮತ್ತೆ ಪಟ್ಟಿ ನನ್ನ ಕೈಗೆ ಬರೋ ಮುಂಚೆ ಪೌರಕಾರ್ಮಿಕರ ಕಾಲೋನಿಯಲ್ಲಿ ಒಂದು ಸಭೆ ಆಗಬೇಕು. ಅದು ಆಗದೆ ನಾನು ಟೈಪ್ ಮಾಡಲ್ಲ.

ಬೇರೆ ತಾಲ್ಲೂಕಿನವರೂ ನಿಮ್ಮ ನಿಮ್ಮ ಪಟ್ಟಿ ತೆಗೆದು ನೋಡಿ. ಇರೋ ಹೆಸರುಗಳನ್ನ ಓದಿ ಆದ ಮೇಲೆ, ಇಲ್ಲದ ಹೆಸರುಗಳನ್ನ ಒಂದು ಹಾಳೆ ಮೇಲೆ ಬರೀರಿ. ಬರೆದದ್ದನ್ನ ಕಮಿಟಿಯಲ್ಲಿ ಓದಿ.

ಭಾನುವಾರ ಬೆಳಿಗ್ಗೆ 10ಕ್ಕೆ ಅಂಬೇಡ್ಕರ್ ಭವನದಲ್ಲಿ ಸಿಗೋಣ.

ಜೈ ಭೀಮ್.